ಲಾಡಿಹುಳು ಪತ್ತೆ: ಯಾವ ಪರೀಕ್ಷೆ ಏನು ಹೇಳುತ್ತದೆ, ಏನು ಹೇಳುವುದಿಲ್ಲ

ಮಲ ಪರೀಕ್ಷೆಯ ರಿಪೋರ್ಟಿನಲ್ಲಿ ‘ಟೀನಿಯಾ ಮೊಟ್ಟೆ ಕಂಡಿದೆ’ ಎಂದು ಒಂದು ಸಾಲು ಬಂದರೆ ಅರ್ಧ ಕೆಲಸ ಇನ್ನೂ ಬಾಕಿಯಿದೆ. ಹಂದಿ ಮಾಂಸದಿಂದ ಬರುವ ಲಾಡಿಹುಳು ಟೀನಿಯಾ ಸೋಲಿಯಂ, ದನದ ಮಾಂಸದಿಂದ ಬರುವ ಟೀನಿಯಾ ಸ್ಯಾಜಿನಾಟಾ, ಎರಡರ ಮೊಟ್ಟೆಯೂ ಸೂಕ್ಷ್ಮದರ್ಶಕದಡಿ ಒಂದೇ ತೆರ ಕಾಣುತ್ತದೆ. 30ರಿಂದ 40 ಮೈಕ್ರಾನ್ ಅಗಲ, ಗೆರೆ ಗೆರೆಯ ದಪ್ಪ ಕಂದು ಚಿಪ್ಪು, ಒಳಗೆ ಆರು ಕೊಕ್ಕೆಯ ಮರಿ. ಎಂಥ ನುರಿತ ಕಣ್ಣಿಗೂ ಇವೆರಡನ್ನು ಬೇರ್ಪಡಿಸಲಾಗದು. ಆದರೆ ಪರಿಣಾಮದಲ್ಲಿ ಅಜಗಜಾಂತರವಿದೆ. ಸ್ಯಾಜಿನಾಟಾ ಮೊಟ್ಟೆಯಿಂದ ಮನುಷ್ಯನ ಮಿದುಳಿಗೆ ಅಪಾಯವಿಲ್ಲ. ಸೋಲಿಯಂ ಮೊಟ್ಟೆ ಹೊಟ್ಟೆಗೆ ಹೋದರೆ ಮರಿ ಕರುಳಿನ ಗೋಡೆ ದಾಟಿ, ರಕ್ತದೊಡನೆ ಸಾಗಿ, ಸ್ನಾಯು, ಕಣ್ಣು, ಮಿದುಳಿನಲ್ಲಿ ಗುಳ್ಳೆಯಾಗಿ ಕೂರುತ್ತದೆ.

‘ನಾವು ಹಂದಿ ಮಾಂಸ ಮುಟ್ಟಂಗಿಲ್ರೀ, ನಮ್ಮ ಹುಡುಗನ ತಲ್ಯಾಗ ಹುಳ ಹ್ಯಾಂಗ ಬಂತ್ರೀ?’ ಮೂರ್ಛೆ ಬಂದ ಮಗುವಿನ ಸ್ಕ್ಯಾನ್ ಹಿಡಿದುಕೊಂಡು ಕಲಬುರಗಿ, ಯಾದಗಿರಿ ಕಡೆಯ ತಾಯಂದಿರು ಕೇಳುವ ಪ್ರಶ್ನೆಯಿದು. ಇದಕ್ಕೆ ನೇರ ಉತ್ತರ ಕೊಡಲೇಬೇಕು, ಇಲ್ಲದಿದ್ದರೆ ಅವರು ರಿಪೋರ್ಟನ್ನೇ ನಂಬುವುದಿಲ್ಲ. ಗುಳ್ಳೆಗಳಿರುವ ಹಂದಿ ಮಾಂಸವನ್ನು ಸರಿಯಾಗಿ ಬೇಯಿಸದೆ ತಿಂದರೆ ಕರುಳಿನಲ್ಲಿ ಉದ್ದನೆಯ ಹುಳು ಬೆಳೆಯುತ್ತದೆ. ಮಿದುಳಿನ ಗುಳ್ಳೆ ಮಾಂಸದಿಂದ ಬರುವುದಲ್ಲ. ಹುಳು ಹೊತ್ತ ಮನುಷ್ಯನ ಮಲದ ಮೊಟ್ಟೆ, ಕೈಯಿಂದಲೋ ನೀರಿನಿಂದಲೋ ಸೊಪ್ಪಿನಿಂದಲೋ ಬಾಯಿಗೆ ಹೋದಾಗ ಬರುವುದು. ನಮ್ಮ ಭಾಗದಲ್ಲಿ ಖಡಕ್ ರೊಟ್ಟಿಯ ಜೊತೆ ಹಕ್ಕರಿಕಿ, ಮೆಂತೆ, ಉಳ್ಳಾಗಡ್ಡಿ ತಪ್ಪಲು, ಮೂಲಂಗಿ ಎಲ್ಲವನ್ನೂ ಹಸಿಯಾಗೇ ತಿನ್ನುತ್ತೇವೆ. ಊರಾಚೆ ಬಯಲಿಗೆ ಹೋಗುವ ಜಾಗ, ಚರಂಡಿ ನೀರು ಹರಿಯುವ ತೋಟ, ಹಸಿ ತಪ್ಪಲು, ಇಷ್ಟು ಕೂಡಿದರೆ ಶುದ್ಧ ಸಸ್ಯಾಹಾರಿಗಳ ಮನೆಗೂ ಮೊಟ್ಟೆ ತಲುಪುತ್ತದೆ. ಉಪ್ಪುನೀರಲ್ಲಿ ಅದ್ದಿಟ್ಟ ಮಾತ್ರಕ್ಕೆ ಅದು ಸಾಯದು. ಹರಿಯುವ ನೀರಿನಲ್ಲಿ ಎಲೆ ಎಲೆ ಬಿಡಿಸಿ ತೊಳೆದರೆ ಕಡಿಮೆಯಾಗುತ್ತದೆ, ಬೇಯಿಸಿದರೆ ಸಾಯುತ್ತದೆ.

ಆದ್ದರಿಂದ ಪರೀಕ್ಷೆ ಬರೆಯುವ ಮುನ್ನ ಹುಡುಕುತ್ತಿರುವುದು ಏನನ್ನು ಎಂಬುದು ಸ್ಪಷ್ಟವಿರಬೇಕು. ಕರುಳಿನ ಹುಳುವನ್ನೋ, ಅಂಗಾಂಗದ ಗುಳ್ಳೆಯನ್ನೋ, ಹಂದಿಯ ಮೈಯ ಗುಳ್ಳೆಯನ್ನೋ? ಒಂದಕ್ಕೆ ಮಾಡಿದ ಪರೀಕ್ಷೆಯಿಂದ ಇನ್ನೊಂದರ ಬಗ್ಗೆ ತೀರ್ಮಾನ ಹೇಳುವುದೇ ಇಲ್ಲಿ ಪದೇ ಪದೇ ಆಗುವ ತಪ್ಪು. ಮೂರ್ಛೆ ರೋಗಿಯ ಮಲದಲ್ಲಿ ಮೊಟ್ಟೆ ಕಾಣಲಿಲ್ಲವೆಂದು ಮಿದುಳಿನ ಗುಳ್ಳೆಯನ್ನು ತಳ್ಳಿಹಾಕುವಂತಿಲ್ಲ. ಅಂಥವರಲ್ಲಿ ಹೆಚ್ಚಿನವರ ಕರುಳಿನಲ್ಲಿ ಆ ಹೊತ್ತಿಗೆ ಹುಳು ಇರುವುದೇ ಇಲ್ಲ.

ಮೊದಲು ಕರುಳಿನ ಹುಳು. ಸಾಮಾನ್ಯ ಮಲ ಪರೀಕ್ಷೆ ಇದನ್ನು ಬಹಳ ಸಲ ತಪ್ಪಿಸುತ್ತದೆ, ಅದಕ್ಕೆ ಕಾರಣ ಹುಳುವಿನ ರಚನೆಯಲ್ಲೇ ಇದೆ. ದುಂಡುಹುಳುವಿನಂತೆ ಲಾಡಿಹುಳು ದಿನವೂ ಮೊಟ್ಟೆ ಸುರಿಸುವುದಿಲ್ಲ. ಗರ್ಭಕೋಶಕ್ಕೆ ಹೊರದಾರಿಯಿಲ್ಲ. ಮೊಟ್ಟೆಗಳು ಹುಳುವಿನ ಮೈಯ ಬಲಿತ ತುಂಡಿನೊಳಗೇ ತುಂಬಿಕೊಂಡಿದ್ದು, ತುಂಡು ಕಳಚಿ ಹರಿದಾಗ ಮಾತ್ರ ಮಲದಲ್ಲಿ ಬೆರೆಯುತ್ತವೆ. ಸೋಲಿಯಂನ ಒಂದು ತುಂಡಿನಲ್ಲಿ ಸುಮಾರು 50,000 ಮೊಟ್ಟೆ ಇದ್ದರೂ ಇವತ್ತಿನ ಸ್ಲೈಡಿನಲ್ಲಿ ಒಂದೂ ಕಾಣದಿರಬಹುದು. ಹಾಗಾಗಿ ಬೇರೆ ಬೇರೆ ದಿನಗಳ ಮೂರು ಮಾದರಿ ಬೇಕು, ಮತ್ತು ನೇರ ಸ್ಲೈಡಿನ ಬದಲು ಸಾಂದ್ರೀಕರಿಸಿ ನೋಡಬೇಕು.

ಒಂದೆರಡು ಗ್ರಾಂ ಮಲವನ್ನು 10% ಫಾರ್ಮಲಿನ್ 7 ಮಿ.ಲೀ.ನಲ್ಲಿ ಕಲಸಿ, ಗಾಜ್ ಬಟ್ಟೆಯಲ್ಲಿ ಸೋಸಿ, 3 ಮಿ.ಲೀ. ಈಥರ್ ಸೇರಿಸಿ, ಬಾಯಿ ಬಿಗಿದು ಚೆನ್ನಾಗಿ ಅಲುಗಿಸಬೇಕು. ಆಮೇಲೆ 500 ಜಿ (ಗುರುತ್ವದ 500 ಪಟ್ಟು) ಬಲದಲ್ಲಿ 10 ನಿಮಿಷ ಸೆಂಟ್ರಿಫ್ಯೂಜ್ ತಿರುಗಿಸಿದರೆ ನಾಲ್ಕು ಪದರ ಬರುತ್ತದೆ: ಮೇಲೆ ಈಥರ್, ಅದರಡಿ ಕಸದ ಬಿರಡೆ, ಆಮೇಲೆ ಫಾರ್ಮಲಿನ್, ತಳದಲ್ಲಿ ಗಸಿ. ಕಡ್ಡಿಯಿಂದ ಬಿರಡೆಯ ಅಂಚು ಬಿಡಿಸಿ ಮೇಲಿನ ಮೂರನ್ನೂ ಒಮ್ಮೆಗೇ ಸುರಿದುಬಿಟ್ಟು ತಳದ ಗಸಿ ನೋಡಬೇಕು. ಒಂದು ಹನಿ ನೋಡಿ ಮುಗಿಸುವುದಲ್ಲ, ಪೂರ್ತಿ ಗಸಿ ನೋಡಬೇಕು. ಈಥರ್ ಬಳಸುವಾಗ ಹತ್ತಿರದಲ್ಲಿ ಬೆಂಕಿ ಇರಬಾರದು. ಕೊಕ್ಕೆಹುಳುವಿಗೆ ರೂಢಿಯಲ್ಲಿರುವ ಉಪ್ಪಿನ ದ್ರಾವಣದ ತೇಲಿಸುವ ವಿಧಾನ ಇಲ್ಲಿ ಕೈಕೊಡುತ್ತದೆ. ಟೀನಿಯಾ ಮೊಟ್ಟೆ ತೂಕದ್ದು, ಆ ದ್ರಾವಣದಲ್ಲಿ ಸರಿಯಾಗಿ ತೇಲುವುದಿಲ್ಲ. ಕೆಲವು ಪರಾಗ ಕಣಗಳೂ ಮೊಟ್ಟೆಯಂತೆ ಕಂಡು ದಾರಿ ತಪ್ಪಿಸುತ್ತವೆ. 40ರ ಲೆನ್ಸಿನಲ್ಲಿ ಕೊಕ್ಕೆ ಕಾಣುವವರೆಗೆ ‘ಟೀನಿಯಾ’ ಎಂದು ಬರೆಯಬೇಡಿ.

ಇಷ್ಟೆಲ್ಲಕ್ಕಿಂತ ಹೆಚ್ಚು ಹೇಳುವುದು ಹುಳುವಿನ ತುಂಡು. ‘ಸಂಡಾಸದಾಗ ಬಿಳಿ ಲಾಡಿ ತುಂಡಿನಂಗ ಏನಾರೆ ಬಿದ್ದಿತ್ತೇನು?’ ಎಂದು ಕೇಳಿ, ಚಿತ್ರ ತೋರಿಸಿ, ಮತ್ತೆ ಬಿದ್ದರೆ ಡಬ್ಬಿಯಲ್ಲಿ ತರಲು ಹೇಳಬೇಕು. ಸ್ಯಾಜಿನಾಟಾದ ತುಂಡುಗಳು ಒಂದೊಂದಾಗಿ ತಾವೇ ತೆವಳಿ ಹೊರಬರುತ್ತವೆ, ಒಳಉಡುಪಿನಲ್ಲಿ ಹರಿದಾಡಿದ್ದು ರೋಗಿಗೇ ಗೊತ್ತಾಗುತ್ತದೆ. ಸೋಲಿಯಂನವು ನಾಲ್ಕಾರು ಸರಪಳಿಯಂತೆ ಕೂಡಿಕೊಂಡು ಮಲದ ಜೊತೆ ಸುಮ್ಮನೆ ಬೀಳುತ್ತವೆ, ಆದ್ದರಿಂದ ಗಮನಕ್ಕೆ ಬರುವುದು ಕಡಿಮೆ. ಹೆಚ್ಚು ಅಪಾಯದ ಹುಳುವೇ ಹೆಚ್ಚು ಮರೆಯಲ್ಲಿರುತ್ತದೆ.

ಅದೇ ದಿನ ತಂದ ತುಂಡನ್ನು ಸಲೈನ್‌ನಲ್ಲಿ ತೊಳೆದು ಎರಡು ಸ್ಲೈಡುಗಳ ನಡುವೆ ಒತ್ತಿ ಬೆಳಕಿಗೆ ಹಿಡಿಯಬೇಕು. ಕಾಣದಿದ್ದರೆ 26 ಗೇಜಿನ ಸೂಜಿಯಿಂದ, ತುಂಡಿನ ಒಂದು ಪಕ್ಕದಲ್ಲಿರುವ ಜನನ ರಂಧ್ರದ ಮೂಲಕ, ಇಂಡಿಯನ್ ಇಂಕ್ ಮೆಲ್ಲಗೆ ಬಿಟ್ಟರೆ ಗರ್ಭಕೋಶ ಕಪ್ಪಾಗಿ ಮರದ ಕೊಂಬೆಗಳಂತೆ ತೆರೆದುಕೊಳ್ಳುತ್ತದೆ. ನಡುಕಾಂಡದ ಒಂದೇ ಪಕ್ಕದ ಮುಖ್ಯ ಕೊಂಬೆಗಳನ್ನು, ಅವು ಕಾಂಡದಿಂದ ಹೊರಡುವ ಜಾಗದಲ್ಲೇ ಎಣಿಸಬೇಕು. 7ರಿಂದ 13 ಇದ್ದರೆ ಸೋಲಿಯಂ, 15ಕ್ಕಿಂತ ಹೆಚ್ಚಿದ್ದರೆ ಸ್ಯಾಜಿನಾಟಾ. ತುದಿಯ ಕವಲುಗಳನ್ನು ಎಣಿಸಿದರೆ ಸೋಲಿಯಂ ಕೂಡ ಸ್ಯಾಜಿನಾಟಾ ಎಂದೇ ಬರುತ್ತದೆ. ಇದು ಸಣ್ಣ ತಪ್ಪಲ್ಲ, ಒಂದು ಮನೆಯನ್ನೇ ಅಪಾಯದಲ್ಲಿ ಬಿಡುವ ತಪ್ಪು. ಬಲಿಯದ ತುಂಡಿನಲ್ಲಿ ಎಣಿಕೆ ಸಾಧ್ಯವಿಲ್ಲ, 12–14ರ ಗಡಿಯಲ್ಲಿ ಬಂದಾಗಲೂ ಖಚಿತ ಹೇಳಬಾರದು. ಆಗ ಡಿಎನ್ಎ ನೋಡಿ ಜಾತಿ ಗುರುತಿಸುವ ಪಿಸಿಆರ್‌ಗೆ ಕಳಿಸಬೇಕು, ಅದಕ್ಕಾಗಿ ಒಂದು ಚೂರನ್ನು ಮೊದಲೇ 70% ಆಲ್ಕೋಹಾಲಿನಲ್ಲಿ ಎತ್ತಿಟ್ಟಿರಬೇಕು. ಫಾರ್ಮಲಿನ್‌ಗೆ ಹಾಕಿದರೆ ಡಿಎನ್ಎ ಕೆಡುತ್ತದೆ. ಈ ಕೆಲಸ ಪೂರ್ತಿ ಕೈಗವಸಿನಲ್ಲಿ ನಡೆಯಬೇಕು. ಮುಗಿದ ಮೇಲೆ ಸ್ಲೈಡು, ಸೂಜಿ, ತುಂಡು ಎಲ್ಲ ಆಟೋಕ್ಲೇವ್‌ಗೆ ಹೋಗಬೇಕು. ಸ್ಪಿರಿಟ್ ಒರೆಸಿದರೆ ಮೊಟ್ಟೆ ಸಾಯದು.

ಮಲದಲ್ಲಿ ಹುಳುವಿನ ಪ್ರತಿಜನಕ (ಹುಳುವಿನಿಂದ ಬರುವ ಪದಾರ್ಥ) ಹುಡುಕುವ ಎಲೈಸಾ ಪರೀಕ್ಷೆ ಸೂಕ್ಷ್ಮದರ್ಶಕಕ್ಕಿಂತ ಎಷ್ಟೋ ಹೆಚ್ಚು ಸೋಂಕು ಹಿಡಿಯುತ್ತದೆ, ಮೊಟ್ಟೆ ಇಲ್ಲದಿದ್ದರೂ ಹಿಡಿಯುತ್ತದೆ. ಆದರೆ ಸಾಮಾನ್ಯ ಲ್ಯಾಬುಗಳಲ್ಲಿ ಸಿಗುವುದಿಲ್ಲ, ಜಾತಿಯನ್ನೂ ಹೇಳುವುದಿಲ್ಲ.

ಚಿಕಿತ್ಸೆಯೂ ಪತ್ತೆಯ ಭಾಗವೇ. ನಿಕ್ಲೋಸಮೈಡ್ ವಯಸ್ಕರಿಗೆ 2 ಗ್ರಾಂ ಒಂದೇ ಸಲ, ಇಲ್ಲವೇ ಪ್ರಾಜಿಕ್ವಾಂಟೆಲ್ ಕಿಲೋಗೆ 5–10 ಮಿ.ಗ್ರಾಂ ಒಂದೇ ಸಲ. ಪ್ರಾಜಿಕ್ವಾಂಟೆಲ್ ರಕ್ತಕ್ಕಿಳಿದು ಮಿದುಳು ತಲುಪುತ್ತದೆ. ಅಲ್ಲಿ ಗೊತ್ತಿಲ್ಲದ ಗುಳ್ಳೆ ಇದ್ದರೆ ಮೂರ್ಛೆ ತರಿಸಬಹುದು. ಹಾಗಾಗಿ ಕೊಡುವ ಮುಂಚೆ ಹಳೆಯ ಮೂರ್ಛೆ, ಬಿಡದ ತಲೆನೋವು, ಚರ್ಮದಡಿ ಗಂಟು ಇವುಗಳ ಬಗ್ಗೆ ಕೇಳಲೇಬೇಕು. ನಿಕ್ಲೋಸಮೈಡ್ ಕರುಳಿನಲ್ಲೇ ಉಳಿಯುವುದರಿಂದ ಅನುಮಾನವಿದ್ದಲ್ಲಿ ಅದೇ ಲೇಸು. ಔಷಧಿಯ ನಂತರದ ಮಲವನ್ನು ಸೋಸಿ ತಲೆ ಸಿಕ್ಕರೆ ಜಾತಿ ಖಚಿತವಾಗುತ್ತದೆ: ನಾಲ್ಕು ಹೀರುಬಟ್ಟಲಿನ ಜೊತೆ ಎರಡು ಸಾಲು ಕೊಕ್ಕೆ ಇದ್ದರೆ ಸೋಲಿಯಂ, ಕೊಕ್ಕೆಯೇ ಇಲ್ಲದಿದ್ದರೆ ಸ್ಯಾಜಿನಾಟಾ. ತಲೆ ಸಿಗದಿದ್ದರೆ ಮೂರು ತಿಂಗಳ ನಂತರ ಮತ್ತೆ ಮಲ ಪರೀಕ್ಷೆ ಬೇಕು, ಕುತ್ತಿಗೆ ಉಳಿದರೆ ಹುಳು ಮತ್ತೆ ಬೆಳೆಯುತ್ತದೆ. ಶಾಲೆಯಲ್ಲಿ ಕೊಡುವ ಒಂದು ಆಲ್ಬೆಂಡಜೋಲ್ 400 ಮಿ.ಗ್ರಾಂ ಗುಳಿಗೆ ದುಂಡುಹುಳು, ಕೊಕ್ಕೆಹುಳುಗಳಿಗೆಂದು ಇರುವುದು. ಅದರಿಂದ ಲಾಡಿಹುಳು ಹೋಯಿತೆಂದು ಎಣಿಸಬಾರದು.

ಇನ್ನು ಮಿದುಳಿನ ಗುಳ್ಳೆ. ಇಲ್ಲಿ ಸ್ಕ್ಯಾನೇ ಮುಖ್ಯ, ರಕ್ತ ಪರೀಕ್ಷೆ ಬೆಂಬಲಕ್ಕೆ ಮಾತ್ರ. ಕಲ್ಲಾದ ಹಳೆಯ ಗುಳ್ಳೆಗೆ ಸಿಟಿ ಒಳ್ಳೆಯದು, ಮಿದುಳಿನ ದ್ರವ ತುಂಬಿದ ಕುಹರಗಳಲ್ಲಿರುವ ಮತ್ತು ಚಿಕ್ಕ ಗುಳ್ಳೆಗಳಿಗೆ ಎಂಆರ್‌ಐ. ಗುಳ್ಳೆಯೊಳಗೆ ಒಂದು ಪಕ್ಕಕ್ಕೆ ಚುಕ್ಕೆಯಂತೆ ಹುಳುವಿನ ತಲೆ ಕಂಡರೆ ಬೇರೆ ಸಾಕ್ಷಿ ಬೇಡ. ಭಾರತದಲ್ಲಿ ಹೆಚ್ಚಾಗಿ ಕಾಣುವುದು ಮಾತ್ರ ಸ್ಕ್ಯಾನಿನಲ್ಲಿ ಉಂಗುರದಂತಿರುವ ಒಂಟಿ ಗಂಟು, ಅದನ್ನು ಕ್ಷಯದ ಗಡ್ಡೆಯಿಂದ ಬೇರ್ಪಡಿಸುವುದೇ ಕಷ್ಟ. ವೆಲ್ಲೂರಿನ ವೈದ್ಯರು ರೂಪಿಸಿದ ಅಳತೆಗೋಲು ಇವತ್ತಿಗೂ ಕೆಲಸಕ್ಕೆ ಬರುತ್ತದೆ: ಕಾಂಟ್ರಾಸ್ಟ್ ಹಾಕಿದ ಸಿಟಿಯಲ್ಲಿ ಒಂದೇ ಗಂಟು, 20 ಮಿ.ಮೀ. ಮೀರದ ಗಾತ್ರ, ಮಿದುಳಿನ ಮಧ್ಯರೇಖೆ ಸರಿಸದ ಬಾವು. ರೋಗಿಯಲ್ಲಿ ಮೂರ್ಛೆ ಇದ್ದು, ಹೆಚ್ಚುತ್ತ ಹೋಗುವ ನರದೌರ್ಬಲ್ಯವಾಗಲಿ, ತಲೆಯೊಳಗಿನ ಬಿಡದ ಒತ್ತಡದ ಲಕ್ಷಣವಾಗಲಿ, ಮೈಯಲ್ಲಿ ಬೇರೆಡೆ ಸಕ್ರಿಯ ಕಾಯಿಲೆಯಾಗಲಿ ಇರಬಾರದು. ಇಷ್ಟು ಹೊಂದಿದರೆ ಲಾಡಿಹುಳುವಿನ ಗುಳ್ಳೆಯೆಂದೇ ಹಿಡಿದು ಕೆಲ ತಿಂಗಳಲ್ಲಿ ಮತ್ತೆ ಸ್ಕ್ಯಾನ್ ಮಾಡಬೇಕು. ಗಂಟು ಬೆಳೆದಿದ್ದರೆ ರೋಗನಿರ್ಣಯ ಮರುಪರಿಶೀಲಿಸಬೇಕು. ‘ಸ್ಕ್ಯಾನಿನಲ್ಲಿ ಗಂಟು’ ಎಂದಾಕ್ಷಣ ತಿಂಗಳುಗಟ್ಟಲೆ ಟಿಬಿ ಗುಳಿಗೆ ಶುರು ಮಾಡುವುದು ಸರಿಯಲ್ಲ.

ಹುಳುವಿನ ವಿರುದ್ಧ ಮೈ ಹುಟ್ಟಿಸಿದ ಪ್ರತಿಕಾಯವನ್ನು ರಕ್ತದಲ್ಲಿ ಹುಡುಕುವ ಪರೀಕ್ಷೆಗಳಲ್ಲಿ ಭರವಸೆಯದು 1989ರಲ್ಲಿ ಬಂದ, ಏಳು ಗ್ಲೈಕೋಪ್ರೋಟೀನ್ ಬಳಸುವ ಇಮ್ಯುನೋಬ್ಲಾಟ್. ಎರಡು ಅಥವಾ ಹೆಚ್ಚು ಜೀವಂತ ಗುಳ್ಳೆಗಳಿದ್ದರೆ ಬಹುತೇಕ ತಪ್ಪದೆ ಹಿಡಿಯುತ್ತದೆ. ಒಂಟಿ ಗುಳ್ಳೆ ಅಥವಾ ಕಲ್ಲಾದ ಗುಳ್ಳೆಯಲ್ಲಿ ಬಹಳಷ್ಟು ತಪ್ಪುತ್ತದೆ, ನಮ್ಮಲ್ಲಿ ಹೆಚ್ಚಿರುವುದು ಅಂಥವೇ. ಆದ್ದರಿಂದ ನೆಗೆಟಿವ್ ಬಂದರೆ ನಿಶ್ಚಿಂತರಾಗುವಂತಿಲ್ಲ. ಪಾಸಿಟಿವ್ ಬಂದರೂ ಅದು ಹಳೆಯ ಸಂಪರ್ಕದ ಗುರುತಾಗಿರಬಹುದು. ಚರ್ಮದಡಿ ಗಂಟು ಸಿಕ್ಕರೆ ಅದನ್ನು ತೆಗೆದು ಬಯಾಪ್ಸಿ ಮಾಡಿಸುವುದು ಯಾವ ರಕ್ತ ಪರೀಕ್ಷೆಗಿಂತಲೂ ಖಚಿತ. ಹುಳುನಾಶಕ ಶುರು ಮಾಡುವ ಮೊದಲು ಕಣ್ಣಿನ ಒಳಪದರ ನೋಡಿಸಲೇಬೇಕು. ಕಣ್ಣಿನೊಳಗಿನ ಗುಳ್ಳೆ ಔಷಧಿಯಿಂದ ಸತ್ತು ಊದಿಕೊಂಡರೆ ದೃಷ್ಟಿ ಹೋಗುತ್ತದೆ.

ಹಂದಿಯಲ್ಲಿ ಮೊದಲ ಪರೀಕ್ಷೆ ನಾಲಿಗೆಯದು. ಕೋರೆಹಲ್ಲಿನ ಹಿಂದೆ ಮೇಲ್ದವಡೆಗೆ ಹಗ್ಗದ ಕುಣಿಕೆ ಹಾಕಿ, ಪಕ್ಕಕ್ಕೆ ಕೆಡವಿ, ಬಾಯಿಗೆ ಅಡ್ಡ ಕಟ್ಟಿಗೆ ಕೊಟ್ಟು, ಬಟ್ಟೆಯಿಂದ ನಾಲಿಗೆ ಹಿಡಿದು ಹೊರಗೆಳೆಯಬೇಕು. ಅಡಿಭಾಗವನ್ನು ಬೆಳಕಿನಲ್ಲಿ ನೋಡಿ, ಬುಡದಿಂದ ತುದಿಯವರೆಗೆ ಎರಡು ಬೆರಳ ನಡುವೆ ಒತ್ತುತ್ತ ಬರಬೇಕು. 5–10 ಮಿ.ಮೀ.ನ ಗುಳ್ಳೆ ಬೆರಳಿಗೆ ಗಟ್ಟಿಯಾಗಿ ತಾಗುತ್ತದೆ, ಒಳಗೊಂದು ಬಿಳಿ ಚುಕ್ಕೆ ಇರುತ್ತದೆ. ಸರಿಯಾಗಿ ಕಂಡರೆ ನಂಬಬಹುದು, ಆದರೆ ಕಾಣದಿದ್ದರೆ ಹಂದಿ ಶುದ್ಧವೆಂದಲ್ಲ. ಗುಳ್ಳೆ ಕಡಿಮೆಯಿರುವ ಹಂದಿಗಳು ಈ ಪರೀಕ್ಷೆಯಲ್ಲಿ ನುಸುಳಿಹೋಗುತ್ತವೆ. ಇನ್ನೊಂದು ತೊಡಕು: ನಾಲಿಗೆ ನೋಡುವ ವಿದ್ಯೆ ವ್ಯಾಪಾರಿಗಳಿಗೂ ಗೊತ್ತಿರುತ್ತದೆ, ಸಿಕ್ಕಿಬಿದ್ದ ಹಂದಿಯನ್ನು ಪಶುವೈದ್ಯರು ಬರುವ ಮೊದಲೇ ಕದ್ದು ಕೊಯ್ದು ಮಾರುವುದುಂಟು.

ಕೊಯ್ದ ಮೇಲೆ ನೋಡುವವರು ದವಡೆಯ ಸ್ನಾಯು, ನಾಲಿಗೆ, ತೆರೆದ ಹೃದಯ, ವಪೆಯ (ಎದೆ, ಹೊಟ್ಟೆಗಳ ನಡುವಿನ ಸ್ನಾಯು ಪೊರೆಯ) ಕಂಬಗಳು, ಮುಂಗಾಲಿನ ಭುಜದ ಹಿಂದಿನ ದಪ್ಪ ಸ್ನಾಯು, ಸೊಂಟದೊಳಗಿನ ಸ್ನಾಯು ಮತ್ತು ತೊಡೆಯನ್ನು ಕೊಯ್ದು ನೋಡಬೇಕು. ಯಕೃತ್ತಿನ ಮೇಲೋ ಹೊಟ್ಟೆಯ ಪೊರೆಯಿಂದಲೋ ಜೋತುಬಿದ್ದ ದೊಡ್ಡ ತೆಳು ನೀರ್ಗುಳ್ಳೆ ಸೋಲಿಯಂನದಲ್ಲ. ಅದು ನಾಯಿಯ ಲಾಡಿಹುಳು ಟೀನಿಯಾ ಹೈಡಾಟಿಜೀನಾದ್ದು, ಮನುಷ್ಯನ ಮಿದುಳಿಗೂ ಅದಕ್ಕೂ ಸಂಬಂಧವಿಲ್ಲ. ಕುರಿ, ಮೇಕೆ, ನಾಯಿ, ಹಂದಿ ಒಂದೇ ಓಣಿಯಲ್ಲಿ ಓಡಾಡುವ ನಮ್ಮ ಊರುಗಳಲ್ಲಿ ಇದನ್ನು ಮರೆಯುವಂತಿಲ್ಲ. ಹಂದಿಯ ರಕ್ತದಲ್ಲಿ ಪ್ರತಿಜನಕ ಹುಡುಕುವ ಎಲೈಸಾ ಎರಡನ್ನೂ ಪಾಸಿಟಿವ್ ಎಂದೇ ತೋರಿಸುತ್ತದೆ. ಪ್ರತಿಕಾಯದ ಪರೀಕ್ಷೆಗೆ ಬೇರೆ ತೊಂದರೆ: ಎಳೆ ಮರಿಗಳಲ್ಲಿ ತಾಯಿಯ ಗಿಣ್ಣು ಹಾಲಿನಿಂದ ಬಂದ ಪ್ರತಿಕಾಯವೇ ಕಾಣುತ್ತದೆ. ಅನುಮಾನದ ಗುಳ್ಳೆಯನ್ನು ಸುತ್ತಲಿನ ಮಾಂಸದೊಡನೆ ಕತ್ತರಿಸಿ, ಅರ್ಧ ಫಾರ್ಮಲಿನ್‌ನಲ್ಲಿ ಅರ್ಧ ಆಲ್ಕೋಹಾಲಿನಲ್ಲಿ ಹಾಕಿ, ಬೀದರಿನ ಪಶುವೈದ್ಯಕೀಯ ಕಾಲೇಜಿನ ಪರೋಪಜೀವಿ ವಿಭಾಗದಲ್ಲಿ ತೋರಿಸಿಕೊಳ್ಳುವುದು ಒಳ್ಳೆಯದು.

ಹಂದಿಗೆ ಔಷಧಿ ಆಕ್ಸ್‌ಫೆಂಡಜೋಲ್, ಕಿಲೋಗೆ 30 ಮಿ.ಗ್ರಾಂ, ಬಾಯಿ ಮೂಲಕ ಒಂದೇ ಸಲ. ಕುರಿಗೆ ಕೊಡುವ ಕಿಲೋಗೆ 5 ಮಿ.ಗ್ರಾಂ ಲೆಕ್ಕದಲ್ಲಿ ಕೊಟ್ಟರೆ ಕರುಳಿನ ಹುಳು ಹೋಗುತ್ತದೆ, ಸ್ನಾಯುವಿನ ಗುಳ್ಳೆ ಹಾಗೇ ಉಳಿಯುತ್ತದೆ. ಸತ್ತ ಗುಳ್ಳೆಯ ಗುರುತು ಮಾಂಸದಿಂದ ಮಾಯವಾಗಲು ಸುಮಾರು ಮೂರು ತಿಂಗಳು ಬೇಕು. ಅಷ್ಟರೊಳಗೆ ಕೊಯ್ದರೆ ಮಾಂಸ ತಿರಸ್ಕಾರವಾಗುತ್ತದೆ, ಮಾಲೀಕರು ‘ಔಷಧಿ ಹತ್ತಲಿಲ್ಲ’ ಎನ್ನುತ್ತಾರೆ.

ಗುಳ್ಳೆ ಹಂದಿ ಸಿಕ್ಕ ಓಣಿಯಲ್ಲಿ ಹುಳು ಹೊತ್ತ ಮನುಷ್ಯರೊಬ್ಬರು ಇದ್ದಿರುವ ಸಾಧ್ಯತೆ ಹೆಚ್ಚು, ಏಕೆಂದರೆ ಬಲಿತ ಸೋಲಿಯಂ ಮನುಷ್ಯನ ಕರುಳಲ್ಲಿ ಮಾತ್ರ ಇರುತ್ತದೆ. ಮೂರ್ಛೆಯ ರೋಗಿ ಸಿಕ್ಕ ಮನೆಯಲ್ಲೂ ಹಾಗೆಯೇ ಹುಡುಕಬೇಕು: ಮೊದಲು ಮನೆಯವರು, ಅಡುಗೆ ಮಾಡುವವರು, ಆಮೇಲೆ ಹಂದಿ ಸಾಕುವ ಅಕ್ಕಪಕ್ಕದವರು. ಎಲ್ಲರಿಂದ ಮೂರು ಮಲದ ಮಾದರಿ, ಜೊತೆಗೆ ಈಚಿನ ಕೆಲವು ವರ್ಷಗಳಲ್ಲಿ ತುಂಡು ಬಿದ್ದ ನೆನಪು ಕೇಳಬೇಕು. ‘ಕೆಲವು ವರ್ಷ’ ಎನ್ನುವುದಕ್ಕೆ ಕಾರಣವಿದೆ. ಭಾರತದಲ್ಲಿದ್ದು ಮರಳಿದ ಬ್ರಿಟಿಷ್ ಸೈನಿಕರ 450 ಪ್ರಕರಣಗಳ 1961ರ ವರದಿಯಲ್ಲಿ, ಸೋಂಕು ತಗಲಿ ವರ್ಷಗಳು ಕಳೆದ ಮೇಲೆ ಮೊದಲ ಮೂರ್ಛೆ ಬಂದದ್ದು ದಾಖಲಾಗಿದೆ. ಇವತ್ತು ಮೂರ್ಛೆ ಬಂದವರಿಗೆ ಮೊಟ್ಟೆ ಕೊಟ್ಟವರು ಈಗ ಬೇರೆ ಊರಲ್ಲಿರಬಹುದು, ಪುಣೆಗೋ ಹೈದರಾಬಾದಿಗೋ ದುಡಿಯಲು ಹೋಗಿರಬಹುದು. ಅವರ ಹೆಸರನ್ನೂ ಬರೆದುಕೊಳ್ಳಿ, ಹಬ್ಬಕ್ಕೆ ಊರಿಗೆ ಬಂದಾಗ ಡಬ್ಬಿ ಕೊಡಿ.