ಮಂಗಳೂರು ಆಕಾಶವಾಣಿ ಕೇಳಿಸುತ್ತದಲ್ಲ, ಕಾಸರಗೋಡಿಗೆ ಬೇರೆ ಕನ್ನಡ ಪ್ರಸಾರ ಯಾಕೆ?

ಓದುಗರ ಪ್ರಶ್ನೆ: ನಮ್ಮದು ಬದಿಯಡ್ಕದ ಹತ್ತಿರ. ಮನೆಯಲ್ಲಿ ಮಂಗಳೂರು ಆಕಾಶವಾಣಿ ಕೇಳಿಸುತ್ತದೆ, ಟಿವಿಯಲ್ಲಿ ಚಂದನ ಬರುತ್ತದೆ. ಹಾಗಿರುವಾಗ ಕಾಸರಗೋಡಿನ ಕನ್ನಡಿಗರಿಗೆ ಬೇರೆಯೇ ಪ್ರಸಾರ ಬೇಕು ಅನ್ನುವುದು ಯಾಕೆ? ಹಾಗೆ ಕೇಳುವುದಕ್ಕೆ ಕಾನೂನಿನಲ್ಲಿ ಏನಾದರೂ ಆಧಾರ ಇದೆಯೇ?

ಆಧಾರ ಇದೆ. ಅದಕ್ಕೆ ಆಮೇಲೆ ಬರುತ್ತೇನೆ. ಮೊದಲು ಜುಲೈ ತಿಂಗಳ ಒಂದು ಬೆಳಗ್ಗೆಯನ್ನು ನೆನಪು ಮಾಡಿಕೊಳ್ಳಿ. ರಾತ್ರಿಯಿಡೀ ಸುರಿದಿದೆ, ತೋಡು ತುಂಬಿ ಸಂಕದ ಮೇಲೆ ನೀರು ಹರಿಯುತ್ತಿದೆ. ದಕ್ಷಿಣ ಕನ್ನಡ ಜಿಲ್ಲೆಯ ಶಾಲೆಗಳಿಗೆ ರಜೆ ಎಂದು ಕನ್ನಡದಲ್ಲಿ ಸುದ್ದಿ ಬರುತ್ತದೆ. ಮಕ್ಕಳು ಚೀಲ ಬದಿಗಿಡುತ್ತಾರೆ. ಆದರೆ ನಮ್ಮ ಮಕ್ಕಳ ಶಾಲೆಗೆ ರಜೆ ಕೊಡಬೇಕಾದವರು ಕಾಸರಗೋಡಿನ ಕಲೆಕ್ಟರು. ಅವರ ಆದೇಶ ಬರುವುದು ಮಲಯಾಳದಲ್ಲಿ, ಬೇರೆ ದಾರಿಯಿಂದ. ಆ ಹೊತ್ತಿಗೆ ಅಮ್ಮಂದಿರು ಮಾಷ್ಟ್ರಿಗೆ ಫೋನು ಮಾಡಿ ಕೇಳಬೇಕು.

ನಿಮ್ಮ ಪ್ರಶ್ನೆಗೆ ಅರ್ಧ ಉತ್ತರ ಇಲ್ಲೇ ಇದೆ. ಮಂಗಳೂರಿನಿಂದ ನಮಗೆ ಕನ್ನಡ ಬರುತ್ತದೆ, ನಮ್ಮನ್ನು ಆಳುವ ಕೇರಳ ಸರ್ಕಾರದ ಸುದ್ದಿ ಬರುವುದಿಲ್ಲ. ತಿರುವನಂತಪುರದಿಂದ ಸರ್ಕಾರದ ಸುದ್ದಿ ಬರುತ್ತದೆ, ನಮ್ಮ ಭಾಷೆಯಲ್ಲಿ ಬರುವುದಿಲ್ಲ.

ಮಂಗಳೂರು ಕೇಂದ್ರದ ಉಪಕಾರವನ್ನು ಸಣ್ಣದು ಮಾಡುವ ಉದ್ದೇಶ ನನಗಿಲ್ಲ. 1976ರಲ್ಲಿ ಶುರುವಾದ ಆ ಕೇಂದ್ರ ಇಲ್ಲದೇ ಹೋಗಿದ್ದರೆ ನಮ್ಮ ಚಾವಡಿಗಳು ಎಷ್ಟು ಮೂಕವಾಗಿರುತ್ತಿದ್ದವೋ! ನನ್ನ ಅಜ್ಜಿ ಅಕ್ಷರ ಕಲಿತವರಲ್ಲ. ಅಂಗಳದಲ್ಲಿ ಅಡಕೆ ಹರಗಿ, ಜಗಲಿಯ ಮೇಲೆ ರೇಡಿಯೊ ಇಟ್ಟುಕೊಂಡು ತಾಳಮದ್ದಳೆ ಕೇಳುತ್ತಿದ್ದರು. ಅರ್ಥಧಾರಿಯ ಮಾತು ಬಿಸಿಯೇರಿದಾಗ ಕೈಯಲ್ಲಿದ್ದ ಅಡಕೆ ಕೈಯಲ್ಲೇ ಉಳಿಯುತ್ತಿತ್ತು. ಯಕ್ಷಗಾನ ಕವಿ ಪಾರ್ತಿಸುಬ್ಬ ಹುಟ್ಟಿದ ಕುಂಬಳೆ ಸೀಮೆಯಲ್ಲಿ ಇದು ಬರೀ ಹೊತ್ತು ಕಳೆಯುವ ಸಂಗತಿಯಲ್ಲ. ಕನ್ನಡದ ಜತೆಗೆ ತುಳು, ಕೊಂಕಣಿ, ಬ್ಯಾರಿ ಭಾಷೆಗಳ ಕಾರ್ಯಕ್ರಮವನ್ನೂ ಅದೇ ಕೇಂದ್ರ ಕೊಟ್ಟಿತು. ಮನೆಯಲ್ಲಿ ಆಡುವ ಮಾತಿಗೆ ರೇಡಿಯೊದಲ್ಲಿ ಜಾಗ ಸಿಕ್ಕಿದರೆ ಆ ಮಾತಾಡುವವರ ನಡಿಗೆಯೇ ಸ್ವಲ್ಪ ಬದಲಾಗುತ್ತದೆ. ಇದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಕೃಷಿಯ ಮಾತು ತೆಗೆದುಕೊಳ್ಳಿ. ಅಡಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೇಗೆ ಮಾಡಬೇಕೆಂದು ಮಂಗಳೂರಿನಿಂದ ಹೇಳಿದರೆ ಅದು ನಮ್ಮ ಪೆರ್ಲದ ತೋಟಕ್ಕೂ ಸರಿ, ಕರ್ನಾಟಕದ ಪುತ್ತೂರಿನ ತೋಟಕ್ಕೂ ಸರಿ. ನೂರು ಲೀಟರು ನೀರಿಗೆ ಒಂದು ಕಿಲೊ ಮೈಲುತುತ್ತು, ಒಂದು ಕಿಲೊ ಸುಣ್ಣ. ರೋಗಕ್ಕೆ ಗಡಿಯಿಲ್ಲ. ಆದರೆ ಸಹಾಯಧನಕ್ಕೆ ಗಡಿ ಇದೆ. ಪುತ್ತೂರಿನವರು ಅರ್ಜಿ ಕೊಡುವುದು ತೋಟಗಾರಿಕೆ ಇಲಾಖೆಗೆ, ನಾವು ಕೊಡುವುದು ಪಂಚಾಯತಿನ ಕೃಷಿಭವನಕ್ಕೆ. ಯೋಜನೆ ಬೇರೆ, ಕಡತ ಬೇರೆ, ಕೊನೆಯ ದಿನಾಂಕ ಬೇರೆ. ರೇಷನ್ ಕಾರ್ಡೂ ಹಾಗೆಯೇ. ಅಲ್ಲಿ ಬಿಪಿಎಲ್, ಎಪಿಎಲ್ ಎಂದು ಮಾತು. ಇಲ್ಲಿ ಹಳದಿ, ಗುಲಾಬಿ, ನೀಲಿ, ಬಿಳಿ ಎಂದು ನಾಲ್ಕು ಬಣ್ಣ. ಅವರಿಗೆ ನಾಡಕಚೇರಿ, ನಮಗೆ ವಿಲ್ಲೇಜ್ ಆಫೀಸು ಮತ್ತು ಅಕ್ಷಯ ಕೇಂದ್ರ. ಬೆಂಗಳೂರಿನ ಪ್ರದೇಶ ಸಮಾಚಾರ ಎಷ್ಟೇ ಚೆನ್ನಾಗಿದ್ದರೂ ಅದರಲ್ಲಿ ಬರುವ ಸವಲತ್ತು ನಮ್ಮದಲ್ಲ.

ಇದು ಪ್ರಾಣದ ವಿಷಯವೂ ಆಗುತ್ತದೆ. ನಮ್ಮ ಜಿಲ್ಲೆಯ ಎಣ್ಮಕಜೆ ಪಂಚಾಯತಿನ ಪಡ್ರೆ, ಸ್ವರ್ಗ ಎಂಬ ಊರುಗಳ ಸುತ್ತ ಗೇರುತೋಟಗಳ ಮೇಲೆ ಎರಡು ದಶಕಕ್ಕೂ ಹೆಚ್ಚು ಕಾಲ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸಿಂಪಡಿಸಿದರು. ಆ ಊರುಗಳಲ್ಲಿ ತುಳು, ಕನ್ನಡ ಆಡುವ ಮನೆಗಳು ಸಾಲುಸಾಲು. ಆ ವಿಷದಿಂದ ಕಾಯಿಲೆ ಬಿದ್ದ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡಬೇಕೆಂದು 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಕೇರಳ ಸರ್ಕಾರಕ್ಕೆ ಆದೇಶ ಕೊಟ್ಟಿತು. ಪಟ್ಟಿಯಲ್ಲಿ ಹೆಸರು ಸೇರಿಸುವುದು ಹೇಗೆ, ವೈದ್ಯಕೀಯ ಶಿಬಿರ ಯಾವತ್ತು, ಯಾವ ದಾಖಲೆ ಬೇಕು ಎಂಬುದೆಲ್ಲ ಹಾಸಿಗೆ ಹಿಡಿದ ಮಗುವಿನ ತಾಯಿಗೆ ಗೊತ್ತಾಗಬೇಕಾದ ಭಾಷೆ ಯಾವುದು? ಮಂಜೇಶ್ವರ ಕಡೆಯ ಕೊರಗ ಬುಡಕಟ್ಟಿನವರ ಕಾಲೊನಿಯಲ್ಲಿ, ಕಾಗದ ಓದಲಾಗದ ಹಿರಿಯರಿಗೆ ಸರ್ಕಾರದ ಮಾತು ತಲುಪುವುದು ಕಿವಿಯ ಮೂಲಕ ಮಾತ್ರ. 2020ರ ಮಾರ್ಚ್‌ನಲ್ಲಿ ಕೊರೊನಾದಿಂದಾಗಿ ಎರಡು ರಾಜ್ಯಗಳ ನಡುವಿನ ತಲಪಾಡಿ ಗಡಿ ಬಂದಾಗಿ, ಒಳದಾರಿಗಳಿಗೆ ಮಣ್ಣು ಸುರಿದ ದಿನಗಳಲ್ಲಿ ನಮಗೆ ಏಕಕಾಲಕ್ಕೆ ಎರಡು ಸರ್ಕಾರಗಳ ನಿಯಮ ತಿಳಿಯಬೇಕಿತ್ತು. ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿದ ರೋಗಿಗಳ ಮನೆಯವರು ಅನುಭವಿಸಿದ್ದನ್ನು ಇಲ್ಲಿ ಮತ್ತೆ ಹೇಳಲು ಮನಸ್ಸು ಬರುವುದಿಲ್ಲ.

ಖಾಸಗಿಯವರು ಈ ಕೆಲಸ ಮಾಡಲಿ ಎನ್ನಬಹುದು. ಬೇಕೆಂದರೂ ಅವರು ಮಾಡುವಂತಿಲ್ಲ. ನಮ್ಮ ದೇಶದಲ್ಲಿ ಖಾಸಗಿ ಎಫ್‌ಎಂ ಆಗಲಿ, ಸಮುದಾಯ ಬಾನುಲಿಯಾಗಲಿ ತಮ್ಮದೇ ವಾರ್ತೆ ಓದುವಂತಿಲ್ಲ. ಆಕಾಶವಾಣಿಯ ವಾರ್ತೆಯನ್ನು ಇದ್ದ ಹಾಗೆ ಮರುಪ್ರಸಾರ ಮಾಡಬಹುದು, ಅಷ್ಟೆ. ಹವಾಮಾನ, ಸಂಚಾರ, ಪರೀಕ್ಷೆ, ನೀರು-ಕರೆಂಟಿನ ಮಾಹಿತಿ ಕೊಡಲು ಅಡ್ಡಿಯಿಲ್ಲ. ಅಂದರೆ ರೇಡಿಯೊ ವಾರ್ತೆ ಎಂಬುದು ಆಕಾಶವಾಣಿಯ ಒಬ್ಬರದೇ ಕೆಲಸ. ಕೇರಳದ ಸುದ್ದಿಯನ್ನು ಕನ್ನಡದಲ್ಲಿ ಕೊಡುವ ಹೊಣೆಯೂ ಹಾಗಾಗಿ ಅವರ ಮೇಲೆಯೇ ಬೀಳುತ್ತದೆ.

ಈಗ ಕಾನೂನು. ಆಕಾಶವಾಣಿ ಮತ್ತು ದೂರದರ್ಶನ ಎರಡನ್ನೂ ನಡೆಸುವುದು ಪ್ರಸಾರ ಭಾರತಿ. 1990ರಲ್ಲಿ ಸಂಸತ್ತು ಕಾಯ್ದೆ ಮಾಡಿತು, ಜಾರಿಗೆ ಬಂದದ್ದು 1997ರಲ್ಲಿ. ಅದರ 12ನೇ ಕಲಮಿನ ಎರಡನೇ ಉಪಕಲಮನ್ನು ಗಡಿನಾಡಿನ ಪ್ರತಿಯೊಬ್ಬರೂ ಒಮ್ಮೆ ಓದಬೇಕು. ಬೇರೆ ಬೇರೆ ಪ್ರದೇಶಗಳ ಸಂಸ್ಕೃತಿ, ಭಾಷೆಗಳಿಗೆ ಸಾಕಷ್ಟು ಜಾಗ ಕೊಡಬೇಕು. ಗಡಿಪ್ರದೇಶದವರಿಗೆ ಸೇವೆ ಸಲ್ಲಬೇಕು. ಅಲ್ಪಸಂಖ್ಯಾತರ, ಬುಡಕಟ್ಟು ಜನರ ವಿಶೇಷ ಅಗತ್ಯ ನೋಡಿ ಕಾರ್ಯಕ್ರಮ ಮಾಡಬೇಕು ಎಂದು ಅಲ್ಲಿದೆ. ಮಕ್ಕಳು, ವೃದ್ಧರು, ಅಂಧರು, ಅಂಗವಿಕಲರೂ ಆ ಪಟ್ಟಿಯಲ್ಲಿದ್ದಾರೆ. ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಾಣುವುದು ಇನ್ನೊಂದು ಮಾತು: ಪ್ರತಿ ರಾಜ್ಯದಲ್ಲೂ ಆ ರಾಜ್ಯದ ಭಾಷೆಗಳಲ್ಲಿ ಪ್ರಾದೇಶಿಕ ಪ್ರಸಾರ ಸಿಗುವಂತೆ ಮಾಡಬೇಕು. ಭಾಷೆ ಎಂದಲ್ಲ, ಭಾಷೆಗಳು ಎಂದಿದೆ. ಕನ್ನಡ ಕರ್ನಾಟಕದ ಭಾಷೆ ಮಾತ್ರವಲ್ಲ, ಕೇರಳದ ಭಾಷೆಯೂ ಹೌದು. ತಮಿಳುನಾಡಿನ ತಾಳವಾಡಿಯಲ್ಲಿ, ಮಹಾರಾಷ್ಟ್ರದ ಜತ್ತ, ಅಕ್ಕಲಕೋಟೆಯಲ್ಲಿ, ಆಂಧ್ರದ ಮಡಕಶಿರಾದಲ್ಲಿ ಕೂತು ಓದುವವರಿಗೂ ಈ ಬಹುವಚನ ಅನ್ವಯಿಸುತ್ತದೆ.

1995ರಲ್ಲಿ ಸುಪ್ರೀಂ ಕೋರ್ಟು ಪ್ರಸಾರ ಸಾಗುವ ಬಾನಲೆಗಳು ಸಾರ್ವಜನಿಕ ಸ್ವತ್ತು ಎಂದು ಹೇಳಿತು. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದ ದಿನವೇ ಸಂವಿಧಾನಕ್ಕೆ 350ಎ ಮತ್ತು 350ಬಿ ವಿಧಿಗಳೂ ಸೇರಿದವು. ಮೊದಲನೆಯದು ಮಾತೃಭಾಷೆಯಲ್ಲಿ ಪ್ರಾಥಮಿಕ ಶಿಕ್ಷಣದ ಸೌಲಭ್ಯಕ್ಕೆ, ಎರಡನೆಯದು ಭಾಷಾ ಅಲ್ಪಸಂಖ್ಯಾತರಿಗಾಗಿ ಒಬ್ಬ ವಿಶೇಷಾಧಿಕಾರಿಯ ನೇಮಕಕ್ಕೆ. ನಕ್ಷೆಯ ಗೆರೆ ಎಳೆದವರಿಗೇ ಆ ಗೆರೆಯ ಈಚೆ ಉಳಿಯುವವರ ನೆನಪಿತ್ತು.

ಪಕ್ಕದ ನಾಡಿನ ಪ್ರಸಾರ ಕೇಳಿಸುತ್ತದಲ್ಲ ಎಂಬ ಮಾತಿಗೆ ಫಿನ್ಲೆಂಡಿನವರು ಒಳ್ಳೆಯ ಉತ್ತರ ಕೊಟ್ಟಿದ್ದಾರೆ. ಅಲ್ಲಿ ಸ್ವೀಡಿಷ್ ಮಾತಾಡುವವರು ನೂರಕ್ಕೆ ಐವರಷ್ಟು. ಪಕ್ಕದಲ್ಲೇ ಸ್ವೀಡನ್ ಇದೆ, ಅಲ್ಲಿ ಸ್ವೀಡಿಷ್ ಪ್ರಸಾರಕ್ಕೆ ಬರವಿಲ್ಲ. ಆದರೂ ಫಿನ್ಲೆಂಡಿನ ಸಾರ್ವಜನಿಕ ಪ್ರಸಾರ ಸಂಸ್ಥೆ ಎರಡೂ ಭಾಷೆಯವರನ್ನು ಸಮಾನವಾಗಿ ಕಾಣಬೇಕೆಂದು ಕಾನೂನೇ ಹೇಳುತ್ತದೆ. ಸ್ವೀಡಿಷಿನಲ್ಲಿ ರೇಡಿಯೊ ಇದೆ, ಟಿವಿ ಇದೆ, ಊರೂರಿನ ಸುದ್ದಿ ಇದೆ. ಅಲ್ಲಿನ ಮೂಲನಿವಾಸಿಗಳ ಸಾಮಿ ಭಾಷೆಗೂ ಸೇವೆಯಿದೆ. ಫಿನ್ಲೆಂಡಿನ ರಾಜಧಾನಿ ಹೆಲ್ಸಿಂಕಿಯ ತೀರ್ಮಾನವನ್ನು ಸ್ವೀಡನ್ನಿನ ಸ್ಟಾಕ್‌ಹೋಮಿನವರು ಯಾಕೆ ವಿವರಿಸುತ್ತಾರೆ ಹೇಳಿ!

ಕೇಳಿಸುತ್ತದೆ ಎಂಬುದೂ ಎಲ್ಲ ಮನೆಗಳ ಮಾತಲ್ಲ. ಹಿಂದೆ ನಾವು ಕೇಳುತ್ತಿದ್ದ ಮಂಗಳೂರಿನ 1089 ಕಿಲೊಹರ್ಟ್ಸ್ ಮಧ್ಯಮ ತರಂಗದ ಒಂದು ಅಲೆಯ ಉದ್ದ ಸುಮಾರು 275 ಮೀಟರು. ಅಷ್ಟುದ್ದದ ಅಲೆ ನೆಲದ ಉಬ್ಬುತಗ್ಗಿಗೆ ಬಾಗಿ ದೂರ ಹೋಗುತ್ತದೆ. ಎಫ್‌ಎಂನ 100.3 ಮೆಗಾಹರ್ಟ್ಸ್ ಅಲೆಯ ಉದ್ದ ಬರೀ ಮೂರು ಮೀಟರು. ಅದು ಹೆಚ್ಚುಕಡಿಮೆ ನೇರವಾಗಿ ಸಾಗುತ್ತದೆ, ಗುಡ್ಡ ಅಡ್ಡ ಬಂದರೆ ಹಿಂದಿನ ಮನೆ ನೆರಳಿನಲ್ಲಿ ಉಳಿಯುತ್ತದೆ. ಹಾಗಾಗಿ ಉಪ್ಪಳದ ಬಯಲಿಗೂ ಬೆಳ್ಳೂರು, ದೇಲಂಪಾಡಿಯ ಗುಡ್ಡದ ಮಡಿಲಿಗೂ ಒಂದೇ ಅಳತೆ ಹಿಡಿಯಬಾರದು. ದೇಶದಲ್ಲಿ ಮಧ್ಯಮ ತರಂಗದ ಪ್ರೇಷಕಗಳನ್ನು ಒಂದೊಂದಾಗಿ ಮುಚ್ಚುತ್ತಿರುವ ಕಾಲದಲ್ಲಿ ಇದು ಚಿಂತೆಯ ಸಂಗತಿ. ಮೊಬೈಲಿನಲ್ಲಿ ಆಕಾಶವಾಣಿಯ ಆ್ಯಪ್ ಇದೆ, ತಿಂಗಳ ಬಾಡಿಗೆಯಿಲ್ಲದ ಡಿಡಿ ಫ್ರೀ ಡಿಶ್ ಇದೆ. ಎರಡೂ ಉಪಯೋಗದ್ದೇ. ಆದರೆ ಕರೆಂಟು, ನೆಟ್‌ವರ್ಕು ಎರಡೂ ಹೋದ ಮಳೆಯ ರಾತ್ರಿಯಲ್ಲಿ ಬ್ಯಾಟರಿ ರೇಡಿಯೊ ಮಾತ್ರ ಮಾತಾಡುತ್ತದೆ.

ಜನ ಕಡಿಮೆ ಎಂಬ ಆಕ್ಷೇಪಕ್ಕೂ ಒಂದು ಮಾತು. ಜನಗಣತಿ ಎಣಿಸುವುದು ಮಾತೃಭಾಷೆಯನ್ನು. ಮನೆಯಲ್ಲಿ ತುಳು, ಕೊಂಕಣಿ, ಮರಾಠಿ ಆಡಿ ಶಾಲೆಯಲ್ಲಿ ಕನ್ನಡ ಓದಿದವರು ಆ ಲೆಕ್ಕದಲ್ಲಿ ಕನ್ನಡಿಗರಲ್ಲ. ವಾರ್ತೆ ಕೇಳುವ ಹೊತ್ತಿಗೆ ಅವರಿಗೆ ಬೇಕಾದದ್ದು ಕನ್ನಡ. ಅರ್ಜಿ ಬರೆಯುವಾಗ ಈ ಅಂಶ ಬಿಡಬೇಡಿ.

ಅರ್ಜಿಯಲ್ಲಿ "ಕನ್ನಡಕ್ಕೆ ನ್ಯಾಯ ಕೊಡಿ" ಎಂದು ಬರೆದರೆ ಯಾವ ಅಧಿಕಾರಿಗೂ ಏನು ಮಾಡಬೇಕೆಂದು ತಿಳಿಯುವುದಿಲ್ಲ. ಇಂತಿಷ್ಟೇ ಎಂದು ಕೇಳಿ: ದಿನಕ್ಕೆ ಹತ್ತು ನಿಮಿಷ ಕಾಸರಗೋಡು ಜಿಲ್ಲೆಯ ವಾರ್ತೆ ಕನ್ನಡದಲ್ಲಿ, ವಾರಕ್ಕೊಮ್ಮೆ ಕೇರಳದ ಯೋಜನೆಗಳ ವಿವರ ಕನ್ನಡ ಮತ್ತು ತುಳುವಿನಲ್ಲಿ, ಮಳೆಗಾಲದಲ್ಲಿ ಕಲೆಕ್ಟರ ಆದೇಶ ಬಂದ ಕೂಡಲೇ ಕನ್ನಡದಲ್ಲಿ ಪ್ರಕಟಣೆ. 12ನೇ ಕಲಮನ್ನು ಉಲ್ಲೇಖಿಸಿ, ಮಂಗಳೂರು ಮತ್ತು ಕಣ್ಣೂರು ಎರಡೂ ಕೇಂದ್ರಗಳಿಗೆ ಕಳಿಸಿ, ಒಂದು ಪ್ರತಿ ದೆಹಲಿಯ ಪ್ರಸಾರ ಭಾರತಿಗೆ. ಜತೆಗೆ, ಕೇರಳದ ಕೇಂದ್ರಗಳಿಂದ ವಾರಕ್ಕೆ ಎಷ್ಟು ನಿಮಿಷ ಕನ್ನಡ ಪ್ರಸಾರವಾಗುತ್ತದೆ ಎಂದು ಮಾಹಿತಿ ಹಕ್ಕಿನಲ್ಲಿ ಕೇಳಿ. ಶುಲ್ಕ 10 ರೂಪಾಯಿ. ಉತ್ತರಕ್ಕೆ 30 ದಿನದ ಗಡುವು.