ಮಡಿಕೇರಿಯ ಮಳೆಯಿಂದ ಅಥೆನ್ಸ್‌ನ ಬಿಸಿಲಿಗೆ

ಜೂನ್, ಜುಲೈ ಬಂತೆಂದರೆ ಕ್ಲಿನಿಕ್‌ಗೆ ಬರುವವರಲ್ಲಿ ವಿದೇಶಕ್ಕೆ ಹೊರಟ ಅಪ್ಪ ಅಮ್ಮಂದಿರು ಜಾಸ್ತಿ. ಮಗನೋ ಮಗಳೋ ಯುರೋಪಿನಲ್ಲಿ ಇರುತ್ತಾರೆ, ಮಳೆಗಾಲದಲ್ಲಿ ತೋಟದ ಉಸ್ತುವಾರಿಯನ್ನು ಮೇಸ್ತ್ರಿಗೆ ಒಪ್ಪಿಸಿರುತ್ತಾರೆ. ಬಿಪಿ ಮಾತ್ರೆ ಬರೆಸಿಕೊಂಡು ಹೋಗಲು ಬರುತ್ತಾರೆ. ಇಟಲಿಯ ರೋಮ್, ಪೊಂಪೇ, ಗ್ರೀಸಿನ ಅಥೆನ್ಸ್, ಹೀಗೆ ಹಳೆಯ ಕಾಲದ ಊರುಗಳೆಲ್ಲಾ ಪಟ್ಟಿಯಲ್ಲಿರುತ್ತವೆ. ಬಿಸಿಲಿದೆ, ಹುಷಾರು ಎಂದರೆ ಒಂದೇ ಉತ್ತರ: "ನಾವು ಇಂಡಿಯಾದವರು ಡಾಕ್ಟ್ರೇ, ನಮಗೆ ಬಿಸಿಲು ಹೊಸದಾ?"

ಹೊಸದೇ. ರಾಯಚೂರಿನವರು ಈ ಮಾತು ಹೇಳಿದರೆ ಒಂದು ಮಟ್ಟಿಗೆ ಒಪ್ಪಬಹುದು. ಮಡಿಕೇರಿಯವರು ಹೇಳುವ ಹಾಗಿಲ್ಲ. ಜುಲೈನಲ್ಲಿ ನಮ್ಮಲ್ಲಿ ಹಗಲಿನ ತಾಪಮಾನ 20 ಡಿಗ್ರಿ ಆಸುಪಾಸು. ಸ್ವೆಟರ್ ಹಾಕಿಕೊಂಡು ಮನೆ ಬಿಟ್ಟವರು ಎರಡನೇ ದಿನಕ್ಕೆ 40 ಡಿಗ್ರಿಯಲ್ಲಿ ನಿಂತಿರುತ್ತಾರೆ.

ಸೆಕೆಗೆ ಒಗ್ಗಿಕೊಳ್ಳಲು ದೇಹಕ್ಕೆ ಒಂದರಿಂದ ಎರಡು ವಾರ ಬೇಕು. ಒಗ್ಗಿದ ಮೈ ಬೇಗ ಬೆವರುತ್ತದೆ, ಜಾಸ್ತಿ ಬೆವರುತ್ತದೆ, ಬೆವರಿನಲ್ಲಿ ಉಪ್ಪನ್ನು ಕಡಿಮೆ ಕಳೆದುಕೊಳ್ಳುತ್ತದೆ. ರಕ್ತದಲ್ಲಿ ನೀರಿನ ಅಂಶವೂ ಏರುತ್ತದೆ. ಇದು ಹುಟ್ಟಿದ ದೇಶದಿಂದ ಬರುವ ಗುಣವಲ್ಲ. ತಂಪಿನಲ್ಲಿ ಕೆಲವು ವಾರ ಕಳೆದರೆ ಬಿಟ್ಟೇ ಹೋಗುತ್ತದೆ. ಅದಕ್ಕೇ ನಾನು ಹೇಳುವುದು: ಹಳೆಯ ಊರುಗಳನ್ನು ಪ್ರವಾಸದ ಕೊನೆಗೆ ಇಟ್ಟುಕೊಳ್ಳಿ, ಮೊದಲ ದಿನವೇ ಹತ್ತಬೇಡಿ.

ಅಥೆನ್ಸ್‌ನ ಆಕ್ರೊಪೊಲಿಸ್ ಅಂದರೆ ಹಳೆಯ ದೇವಸ್ಥಾನಗಳಿರುವ ಬಂಡೆಗುಡ್ಡ. ಮೇಲೆ ನೆರಳೇ ಇಲ್ಲ ಅನ್ನಬಹುದು. ಕಾಲಡಿಯ ಕಲ್ಲು ಕಾದಿರುತ್ತದೆ, ಸುತ್ತಲಿನ ಅಮೃತಶಿಲೆ ಬೆಳಕನ್ನು ಮುಖಕ್ಕೇ ಎರಚುತ್ತದೆ. ಎಷ್ಟೋ ಜನರ ಕಾಲು ಸವೆಸಿದ ಕಲ್ಲು, ಜಾರುತ್ತದೆ ಕೂಡ. ಗಾಳಿ ಒಣಗಿರುವುದರಿಂದ ಬೆವರು ಅಲ್ಲೇ ಆರಿ ಹೋಗುತ್ತದೆ, ಅಂಗಿ ಒದ್ದೆಯಾಗುವುದಿಲ್ಲ. "ನನಗೇನೂ ಬೆವರಲಿಲ್ಲ" ಅನ್ನುವವರ ಮೈಯಿಂದಲೂ ಸುಮಾರು ನೀರು ಹೋಗಿರುತ್ತದೆ. 2023ರಿಂದ ಈಚೆಗೆ ಬಿಸಿಗಾಳಿ ಬಂದಾಗ ಅಲ್ಲಿನ ಸರ್ಕಾರವೇ ಮಧ್ಯಾಹ್ನ ಕೆಲವು ಗಂಟೆ ಬಾಗಿಲು ಹಾಕಿಸಿದೆ. ಬೆಳಿಗ್ಗೆ 8ಕ್ಕೆ ತೆರೆಯುತ್ತದೆ, ಆ ಹೊತ್ತಿನ ಟಿಕೆಟ್ಟನ್ನೇ ತೆಗೆಸಿ. ಮಧ್ಯಾಹ್ನಕ್ಕೆ ಗುಡ್ಡದ ಬುಡದಲ್ಲಿರುವ ಮ್ಯೂಸಿಯಂ ಸೇರಿಕೊಳ್ಳಿ. ಎಸಿ ಇದೆ. ಗುಡ್ಡದ ಮೇಲಿನ ಮುಖ್ಯ ದೇವಸ್ಥಾನ ಪಾರ್ಥೆನಾನ್‌ನ ಶಿಲ್ಪಗಳನ್ನು ಅಷ್ಟು ಹತ್ತಿರದಿಂದ ನೋಡುವ ಅವಕಾಶ ಮೇಲೆ ಸಿಗುವುದೂ ಇಲ್ಲ.

ಕಾಂಬೋಡಿಯಾದ ಹಳೆಯ ದೇವಸ್ಥಾನಗಳ ಊರು ಆಂಗ್ಕೋರ್‌ಗೆ ಏಪ್ರಿಲ್‌ನಲ್ಲಿ ಹೋಗುವವರ ಕಥೆ ಇದಕ್ಕೆ ಉಲ್ಟಾ. ಅಲ್ಲಿ ತೇವ ಜಾಸ್ತಿ, ಬೆವರು ಸುರಿಯುತ್ತದೆ, ಆರುವುದಿಲ್ಲ. ಆರದ ಬೆವರಿನಿಂದ ಮೈ ತಣ್ಣಗಾಗುವುದಿಲ್ಲ.

ಇನ್ನು ಮಾತ್ರೆಗಳ ವಿಷಯ. ಇದನ್ನು ಟೂರ್ ನಡೆಸುವವರು ಯಾರೂ ಹೇಳುವುದಿಲ್ಲ. ಬಿಪಿ ಮಾತ್ರೆಯ ಸ್ಟ್ರಿಪ್ ತೆಗೆದು ನೋಡಿ. ಹೆಸರಿನ ಕೊನೆಯಲ್ಲಿ ‘ಎಚ್’ ಅಕ್ಷರ ಇದ್ದರೆ ಸಾಮಾನ್ಯವಾಗಿ ಅದರಲ್ಲಿ ಮೂತ್ರ ಜಾಸ್ತಿ ಮಾಡಿಸುವ ಔಷಧಿ ಸೇರಿರುತ್ತದೆ. ಮೂತ್ರದಲ್ಲೂ ನೀರು, ಬೆವರಲ್ಲೂ ನೀರು, ಎರಡೂ ಕಡೆ ಹೋದರೆ ಎದ್ದು ನಿಂತಾಗ ಕಣ್ಣು ಕತ್ತಲೆ ಬರುತ್ತದೆ. ನೀವೇ ನಿಲ್ಲಿಸಬೇಡಿ, ಹೊರಡುವ ಮುಂಚೆ ನಿಮ್ಮ ಡಾಕ್ಟರರನ್ನು ಕೇಳಿ. ಇನ್ನೊಂದು, ಘಾಟಿ ಇಳಿಯುವಾಗ ನಮ್ಮವರು ನುಂಗುವ ವಾಂತಿ ಮಾತ್ರೆ. ಪ್ರೊಮೆಥಜಿನ್‌ನಂಥ ಔಷಧಿ ಬೆವರನ್ನೇ ಕಡಿಮೆ ಮಾಡುತ್ತದೆ. ಬಸ್ಸಿನಲ್ಲಿ ಅದನ್ನು ನುಂಗಿ, ಇಳಿದ ಕೂಡಲೇ ಪೊಂಪೇಯ ಬಿಸಿಲಿಗೆ ಹೋಗುವುದು ಬೇಡ.

ನೀರು ಕುಡಿಯಿರಿ, ನಿಜ. ಆದರೆ ಬರೀ ನೀರನ್ನೇ ಲೀಟರ್‌ಗಟ್ಟಲೆ ಕುಡಿದರೆ ರಕ್ತದಲ್ಲಿ ಸೋಡಿಯಂ ಇಳಿಯುತ್ತದೆ. ವಯಸ್ಸಾದವರಲ್ಲಿ ಇದು ಬೇಗ ಆಗುತ್ತದೆ. ಊಟ, ತಿಂಡಿ ಬಿಡಬೇಡಿ. ಓಆರ್‌ಎಸ್ ಪೊಟ್ಟಣ ನಾಲ್ಕು ಬ್ಯಾಗಿನಲ್ಲಿರಲಿ.

ತಲೆನೋವು, ಸುಸ್ತು, ವಾಕರಿಕೆ ಶುರುವಾದರೆ ನೆರಳಿಗೆ ಬನ್ನಿ, ಆ ದಿನದ ನಡಿಗೆ ಅಲ್ಲಿಗೇ ಸಾಕು. ಜೊತೆಯಲ್ಲಿರುವವರು ತಪ್ಪುತಪ್ಪು ಮಾತಾಡಿದರೆ, ತೂರಾಡಿದರೆ, ಸುಮ್ಸುಮ್ನೆ ಸಿಟ್ಟಾದರೆ ಅದು ಬರೀ ಸುಸ್ತಲ್ಲ. ಬಿಸಿಲಾಘಾತ ಅಂತಲೇ ತಿಳಿಯಿರಿ. ಬೆವರು ನಿಂತಿರಲೇಬೇಕು ಅಂತಿಲ್ಲ, ಬೆವರುತ್ತಿರುವವರಿಗೂ ಇದು ಆಗುತ್ತದೆ. ಯುರೋಪಿನಲ್ಲೂ 112ಕ್ಕೇ ಫೋನ್ ಮಾಡಿ. ಆಂಬುಲೆನ್ಸ್ ಬರುವ ತನಕ ಕಾಯುತ್ತಾ ಕೂರಬೇಡಿ. ಬಟ್ಟೆ ಸಡಿಲಿಸಿ, ಸಿಕ್ಕ ತಣ್ಣೀರನ್ನೆಲ್ಲಾ ಮೈಮೇಲೆ ಸುರಿಯಿರಿ, ಗಾಳಿ ಬೀಸಿ. ಐಸ್ ಸಿಕ್ಕರೆ ಕತ್ತು, ಕಂಕುಳು, ತೊಡೆಸಂದಿಗೆ ಇಡಿ. ಎಚ್ಚರ ಸರಿಯಿಲ್ಲದವರ ಬಾಯಿಗೆ ನೀರು ಹಾಕಬೇಡಿ. ಮೈ ಸುಡುತ್ತಿದೆ ಅಂತ ಪ್ಯಾರಾಸಿಟಮಾಲ್ ಕೂಡ ಕೊಡಬೇಡಿ, ಈ ಬಿಸಿಗೆ ಅದು ಕೆಲಸ ಮಾಡುವುದಿಲ್ಲ.