ಮೊದಲು ಸಾಯುವುದು ಸ್ಲೀಪರ್

ಸಣ್ಣ ಖಾಸಗಿ ರೈಲು ದಾರಿಗಳು ಯಾಕೆ ಮುಚ್ಚಿದವು ಅಂತ ಕೇಳಿದರೆ ಎಲ್ಲರೂ ಬಸ್ಸು, ಲಾರಿ ಕಡೆ ಕೈ ತೋರಿಸುತ್ತಾರೆ. ಸುಳ್ಳಲ್ಲ. ಆದರೆ ಹಳಿ ನೋಡಿಕೊಳ್ಳುವ ಕೆಲಸದಲ್ಲೇ ಕೂದಲು ಹಣ್ಣಾದ ನನಗೆ ಮೊದಲು ಕಾಣುವುದು ಸ್ಲೀಪರ್, ಅಂದರೆ ಹಳಿಯ ಕೆಳಗೆ ಅಡ್ಡಕ್ಕೆ ಹಾಕುವ ದಿಮ್ಮಿ.

100 ಕಿ.ಮೀ. ದಾರಿಗೆ ಲಕ್ಷಕ್ಕೂ ಜಾಸ್ತಿ ಸ್ಲೀಪರ್ ಬೇಕು. ಮರದ್ದು ಹದಿನೈದು ವರ್ಷ ಬಾಳುತ್ತದೆ ಅಂತ ಹಿಡಿಯಿರಿ. ವರ್ಷಕ್ಕೆ ಏಳೆಂಟು ಸಾವಿರ ಬದಲಿಸಲೇಬೇಕು. ಒಂದು ವರ್ಷ ಬಿಟ್ಟರೆ? ಏನೂ ಆಗುವುದಿಲ್ಲ. ರೈಲು ಓಡುತ್ತದೆ, ಲೆಕ್ಕದಲ್ಲಿ ಲಾಭವೂ ಕಾಣುತ್ತದೆ. ಅದೇ ಧೈರ್ಯದಲ್ಲಿ ಮರುವರ್ಷವೂ ಬಿಡುತ್ತಾರೆ. ಸುತ್ತಿಗೆಯಲ್ಲಿ ತಟ್ಟಿದರೆ ಗಟ್ಟಿ ಮರ ಟಣ್ ಅನ್ನುತ್ತದೆ, ಕೊಳೆತದ್ದು ದೊಪ್ ಅನ್ನುತ್ತದೆ. ಹಳಿ ಹಿಡಿದ ಮೊಳೆ ಬರಿಗೈಗೇ ಕಿತ್ತು ಬರುತ್ತದೆ. ಆಮೇಲೆ ನಮಗೆ ಉಳಿಯುವುದು ವೇಗಮಿತಿಯ ಬೋರ್ಡ್ ನೆಡುವ ಕೆಲಸ. ಗಂಟೆಗೆ 40 ಕಿ.ಮೀ. ಇದ್ದದ್ದು 30, ಮುಂದೆ 20. ಪಕ್ಕದ ರಸ್ತೆಯ ಬಸ್ಸು ಗೆಲ್ಲುವುದು ಆಗ.

ಮಹಾರಾಷ್ಟ್ರದ ವಿದರ್ಭದಲ್ಲಿದ್ದ ಶಕುಂತಲಾ ಎಕ್ಸ್‌ಪ್ರೆಸ್ ನೋಡಿ. ಎಕ್ಸ್‌ಪ್ರೆಸ್ ಅನ್ನುವುದು ಹೆಸರಿಗಷ್ಟೇ! ಯವತ್ಮಾಳದಿಂದ ಮೂರ್ತಿಜಾಪುರಕ್ಕೆ 113 ಕಿ.ಮೀ., ಹತ್ತಿ ಸಾಗಿಸಲೆಂದು ಕಿಲಿಕ್ ನಿಕ್ಸನ್ ಕಂಪನಿ ಹಾಕಿಸಿದ ದಾರಿ, ಎರಡು ಹಳಿಗಳ ನಡುವೆ ಬರೀ 2 ಅಡಿ 6 ಇಂಚು. 1921ರಲ್ಲಿ ಮ್ಯಾಂಚೆಸ್ಟರ್‌ನಲ್ಲಿ ತಯಾರಾದ ಸ್ಟೀಮ್ ಎಂಜಿನ್ 1994ರವರೆಗೂ ಎಳೆಯಿತು. ಕೊನೆಗಾಲದಲ್ಲಿ ವೇಗ ಗಂಟೆಗೆ 20 ಕಿ.ಮೀ. ಆಸುಪಾಸು. ದಾರಿ ಕಂಪನಿಯದು, ರೈಲು ಓಡಿಸುತ್ತಿದ್ದದ್ದು ಭಾರತೀಯ ರೈಲ್ವೆ. ಬಾಡಿಗೆ ಮನೆಯ ಮಾಡು ಸೋರಿದ ಹಾಗೆ ಇದು. ಮಾಲೀಕ ಬಾಡಿಗೆದಾರನ ಮುಖ ನೋಡುತ್ತಾನೆ, ಬಾಡಿಗೆದಾರ ಮಾಲೀಕನ ಮುಖ. ಸಾಲದ್ದಕ್ಕೆ ಹತ್ತಿ ಬೇಲುಗಳನ್ನು ಮೂರ್ತಿಜಾಪುರದಲ್ಲಿ ಇಳಿಸಿ ಬ್ರಾಡ್ ಗೇಜ್ (ಅಗಲ ಹಳಿಯ) ವ್ಯಾಗನ್‌ಗೆ ಮತ್ತೆ ತುಂಬಬೇಕಿತ್ತು. ಲಾರಿಗೆ ಆ ತಾಪತ್ರಯ ಇಲ್ಲ, ಅಲ್ವಾ?

ಜನ ಹತ್ತುತ್ತಿರಲಿಲ್ಲ ಅನ್ನುವ ಮಾತನ್ನಂತೂ ನಾನು ಒಪ್ಪುವುದಿಲ್ಲ. ಬಂಗಾಳದಲ್ಲಿ ಮಾರ್ಟಿನ್ ಕಂಪನಿಯ ಹೌರಾ–ಆಮ್ತಾ ದಾರಿ 1897ರಲ್ಲಿ ಶುರುವಾಯಿತು. ಅಗಲ ಬರೀ 2 ಅಡಿ. 1971ರಲ್ಲಿ ನಿಂತಿತು. ಟಿಕೆಟ್ ಇಲ್ಲದೆ ಹತ್ತುವವರ ಕಾಟ ಇತ್ತು ನಿಜ, ಆದರೆ ಹತ್ತುವವರು ಇದ್ದರು ತಾನೆ? ಅದೇ ಆಮ್ತಾಗೆ 2004ರಲ್ಲಿ ಬ್ರಾಡ್ ಗೇಜ್ ಹೋಯಿತು. ನಡುವೆ 33 ವರ್ಷ!

ನಮ್ಮ ಬೆಂಗಳೂರು–ಚಿಕ್ಕಬಳ್ಳಾಪುರ ದಾರಿಯೂ ಮೊದಲು ಒಂದು ಲೈಟ್ ರೈಲ್ವೆ ಕಂಪನಿಯದೇ. ಸರ್ಕಾರದ ಕೈಗೆ ಬಂತು, ಬ್ರಾಡ್ ಗೇಜ್ ಆಯಿತು, ಉಳಿಯಿತು. ನಂದಿ ಹಾಲ್ಟ್‌ನಲ್ಲಿ ಇಳಿದರೆ ನಾನು ಬೆಟ್ಟದ ಕಡೆ ನೋಡುವ ಮುಂಚೆ ಹಳಿಯ ಕೆಳಗೆ ಬಗ್ಗಿ ನೋಡುತ್ತೇನೆ. ಈಗ ಅಲ್ಲಿರುವುದು ಕಾಂಕ್ರೀಟ್ ಸ್ಲೀಪರ್. ತಟ್ಟಿ ನೋಡುವ ಕೆಲಸ ಇಲ್ಲ.